ನಾಲ್ಕೂವರೆ ವರ್ಷದ ಮಗ ಸುಳ್ಳು ಹೇಳಿದ, ನಾನು ಹೊಡೆದೆ. ಏನು ಮಾಡಬೇಕಿತ್ತು?

ನಿಟ್ಟುವಳ್ಳಿ ಅಮ್ಮ (ಶನಿವಾರ ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮಗಳಿಗೆ 13, ಮಗನಿಗೆ ನಾಲ್ಕೂವರೆ. ಮೂರು ದಿನದಿಂದ ಒಂದು ವಿಷಯ ಮನಸ್ಸು ಕೊರೆಯುತ್ತಿದೆ.

ಬುಧವಾರ ಸಂಜೆ ಮಂಡಕ್ಕಿ ಒಗ್ಗರಣೆ ಹಾಕೋಣ ಅಂತ ಡಬ್ಬದೊಳಗೆ ಕೈ ಹಾಕಿದೆ. ಏನೋ ಗಟ್ಟಿ ಸಿಕ್ಕಿತು. ತೆಗೆದರೆ ಹಳದಿ ಬಣ್ಣದ ಪುಟಾಣಿ ಜೆಸಿಬಿ. ಎದುರು ಮನೆ ಹುಡುಗನ ಆಟದ ಸಾಮಾನು. ಅದು ಕಾಣ್ತಿಲ್ಲ ಅಂತ ಎರಡು ದಿನದಿಂದ ಆ ಮಗು ಅಳುತ್ತಿತ್ತು. ಮಗನನ್ನು ಕರೆದು ಯಾರು ತಂದಿದ್ದು ಅಂತ ಕೇಳಿದೆ. "ಅವನೇ ಕೊಟ್ಟ" ಅಂದ. ಜೋರು ಮಾಡಿದೆ. "ಅಕ್ಕ ಇಟ್ಟಳು" ಅಂದ. ಇನ್ನೂ ಜೋರು ಮಾಡಿದೆ. "ಬೆಕ್ಕು ತಂತು" ಅಂದ. ನನ್ನ ಮುಖ ನೋಡಿಕೊಂಡೇ ಮೂರು ಸುಳ್ಳು. ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ನಾಲ್ಕು ಬಾರಿಸಿದೆ. ಅತ್ತ, ಊಟ ಮಾಡಿದ, ಮಲಗಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಸ್ಕೂಲಿಗೆ ರೆಡಿ ಮಾಡುತ್ತಿದ್ದೆ. ತಲೆ ಬಾಚಲು ಬಾಚಣಿಗೆ ಎತ್ತಿದೆ ಅಷ್ಟೇ. ಕಣ್ಣು ಬಿಗಿಯಾಗಿ ಮುಚ್ಚಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. ಎಣ್ಣೆ ಹಚ್ಚಿದ ಕೂದಲ ಮೇಲೆ ಆ ಪುಟ್ಟ ಬೆರಳುಗಳು ನಡುಗುತ್ತಿದ್ದವು. ನನಗೆ ಕೈ ಕಾಲು ಆಡಲಿಲ್ಲ.

ಅತ್ತೆ "ಈಗ ಬಿಟ್ರೆ ನಾಳೆ ಕಳ್ಳ ಆಗ್ತಾನೆ" ಅನ್ನುತ್ತಾರೆ. ಯಜಮಾನರು "ಹುಡುಗರು ಅಂದ್ರೆ ಹಾಗೇ, ಬಿಡು" ಅಂತಾರೆ. ಇವೆರಡರಲ್ಲಿ ಯಾವುದೂ ಸರಿ ಅನಿಸುತ್ತಿಲ್ಲ. ಮಕ್ಕಳಿಗೆ ಸರಿ ತಪ್ಪು ಅನ್ನೋದು ಯಾವ ವಯಸ್ಸಿಗೆ ತಿಳಿಯುತ್ತದೆ? ತಿಳಿದವರು ದಯವಿಟ್ಟು ಹೇಳಿ.

ವಿದ್ಯಾನಗರದ ಅಪ್ಪ (ಶನಿವಾರ ರಾತ್ರಿ 11:15)

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಡಿದ್ದು ಸರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನಮ್ಮಪ್ಪ ಇಲ್ಲೇ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ನಮ್ಮ ಪಾಟಿ ನೋಡುತ್ತಿದ್ದರು. ತಪ್ಪಿದ್ದರೆ ಬೆಲ್ಟಿನ ಏಟು. ನಾವು ಮೂವರು ಅಣ್ಣತಮ್ಮಂದಿರು, ಮೂವರೂ ದುಡಿದು ತಿನ್ನುತ್ತಿದ್ದೇವೆ. ಯಾರೂ ಕೆಟ್ಟಿಲ್ಲ. ಈಗಿನ ಮಕ್ಕಳಿಗೆ ಭಯ ಅನ್ನೋದೇ ಇಲ್ಲ.

ಕೋಟೆ ಊರಿನ ಮೇಷ್ಟ್ರು (ಭಾನುವಾರ ಬೆಳಿಗ್ಗೆ 6:20)

ಅಮ್ಮಾ, 34 ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ ಈಗ ಚಿತ್ರದುರ್ಗದಲ್ಲಿದ್ದೇನೆ. ನಿಮ್ಮ ಮಾತು ಓದಿದಾಗ ನನ್ನ ಕಣ್ಣು ಸುಳ್ಳಿನ ಮೇಲೆ ನಿಲ್ಲಲಿಲ್ಲ, ಡಬ್ಬದ ಮೇಲೆ ನಿಂತಿತು.

ಮಗು ಜೆಸಿಬಿಯನ್ನು ಮಂಡಕ್ಕಿಯಲ್ಲಿ ಹೂತಿಟ್ಟಿದೆ. ಅಂದರೆ "ನನಗೆ ಗೊತ್ತಿರೋದು ಅಮ್ಮನಿಗೆ ಗೊತ್ತಿಲ್ಲ" ಅಂತ ಅವನಿಗೆ ತಿಳಿದಿದೆ. ಇದು ಸಣ್ಣ ವಿಷಯ ಅಲ್ಲ. ಎರಡು ವರ್ಷದ ಮಗು ಕಣ್ಣಾಮುಚ್ಚಾಲೆ ಆಡುವಾಗ ನೋಡಿ. ಮುಖಕ್ಕೆ ಟವೆಲ್ ಮುಚ್ಚಿಕೊಂಡು, ಹೊಟ್ಟೆ ಕಾಲೆಲ್ಲ ಹೊರಗೆ ಬಿಟ್ಟು, ನಾನು ಯಾರಿಗೂ ಕಾಣಲ್ಲ ಅಂತ ನಿಂತಿರುತ್ತದೆ. ತನಗೆ ಕಾಣದಿದ್ದರೆ ಯಾರಿಗೂ ಕಾಣದು ಅನ್ನುವುದು ಅದರ ಲೆಕ್ಕ. ಬೇರೆಯವರ ತಲೆಯಲ್ಲಿ ಬೇರೆ ವಿಚಾರ ಇರುತ್ತದೆ ಅಂತ ಹೊಳೆಯುವುದು ಹೆಚ್ಚುಕಡಿಮೆ ನಾಲ್ಕು ವರ್ಷದ ಹೊತ್ತಿಗೆ.

1980ರ ದಶಕದಲ್ಲಿ ಇದಕ್ಕೆ ಒಂದು ಚೆಂದದ ಪರೀಕ್ಷೆ ಮಾಡಿದರು. ಮಗುವಿಗೆ ಮಿಠಾಯಿ ಡಬ್ಬ ತೋರಿಸಿ ಒಳಗೇನಿದೆ ಅಂತ ಕೇಳುತ್ತಾರೆ. ಮಿಠಾಯಿ ಅನ್ನುತ್ತದೆ. ತೆಗೆದರೆ ಪೆನ್ಸಿಲ್. ಮತ್ತೆ ಮುಚ್ಚಿ, "ಹೊರಗಿರೋ ನಿನ್ನ ಗೆಳೆಯ ಬಂದರೆ ಇದರಲ್ಲಿ ಏನಿದೆ ಅಂತಾನೆ?" ಅಂತ ಕೇಳುತ್ತಾರೆ. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ "ಪೆನ್ಸಿಲ್" ಅನ್ನುತ್ತವೆ. ನಾಲ್ಕು ಐದರ ಮಕ್ಕಳು "ಮಿಠಾಯಿ" ಅನ್ನುತ್ತವೆ. ಮನೆಯಲ್ಲಿ ಮಂಡಕ್ಕಿ ಡಬ್ಬ ಇದೆಯಲ್ಲ, ಮಾಡಿ ನೋಡಿ.

ಸುಳ್ಳು ಹುಟ್ಟುವುದು ಇದೇ ಬುದ್ಧಿಯಿಂದ. ಇನ್ನೊಬ್ಬರ ಮನಸ್ಸನ್ನು ಊಹಿಸಲು ಬಂದ ಮಗುವಿಗೆ ಸುಳ್ಳೂ ಬರುತ್ತದೆ, ಸಮಾಧಾನ ಮಾಡುವುದೂ ಬರುತ್ತದೆ. ಹಾಗಂತ ಸುಳ್ಳು ಸರಿ ಅನ್ನುತ್ತಿಲ್ಲ. ಆದರೆ ಅದು ಕಳ್ಳತನದ ಮೊಳಕೆ ಅಲ್ಲ.

ಹೊಡೆತದ ವಿಷಯ. ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ನೋಡಿ 2011ರಲ್ಲಿ ಬರೆದರು. ಒಂದು ಶಾಲೆಯಲ್ಲಿ ಸಣ್ಣ ತಪ್ಪಿಗೂ ಬೆತ್ತ, ಇನ್ನೊಂದರಲ್ಲಿ ಬುದ್ಧಿಮಾತು. "ಹಿಂದೆ ತಿರುಗಿ ಆಟಿಕೆ ನೋಡಬೇಡ" ಅಂತ ಹೇಳಿ ದೊಡ್ಡವರು ಹೊರಗೆ ಹೋಗುತ್ತಿದ್ದರು. ಎರಡೂ ಕಡೆ ಮಕ್ಕಳು ಕದ್ದು ನೋಡಿದವು. ಆದರೆ ಆಮೇಲೆ ಕೇಳಿದಾಗ ಜಾಸ್ತಿ ಸುಳ್ಳು ಹೇಳಿದ್ದು ಬೆತ್ತದ ಶಾಲೆಯ ಮಕ್ಕಳು. ಸಿಕ್ಕಿಬೀಳದ ಹಾಗೆ ಹೇಳುವುದರಲ್ಲೂ ಅವರೇ ಮುಂದಿದ್ದರು. ಏಟು ಕಲಿಸಿದ್ದು ಸುಳ್ಳನ್ನು ಚೆನ್ನಾಗಿ ಹೇಳುವುದನ್ನು.

ನಿಮ್ಮ ಮಗನ ವಿಷಯದಲ್ಲೂ ನೋಡಿ. ದನಿ ಏರಿದ ಹಾಗೆಲ್ಲ ಸುಳ್ಳು ಬದಲಾಗಿದೆ. ನಿಮಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ "ಯಾರು ತಂದಿದ್ದು" ಅಂತ ಕೇಳಿದರೆ ಮಗುವಿಗೆ ಅದು ಬೋನು. "ಇದು ಎದುರು ಮನೆಯವನದು, ಅವನು ಎರಡು ದಿನದಿಂದ ಅಳ್ತಿದಾನೆ, ಬಾ ಇಬ್ಬರೂ ಹೋಗಿ ಕೊಟ್ಟು ಬರೋಣ" ಅಂದಿದ್ದರೆ ಸುಳ್ಳಿಗೆ ಜಾಗವೇ ಇರುತ್ತಿರಲಿಲ್ಲ.

ನಿಟ್ಟುವಳ್ಳಿ ಅಮ್ಮ (ಭಾನುವಾರ ಬೆಳಿಗ್ಗೆ 9:05)

ಮೇಷ್ಟ್ರೇ, ಓದಿ ಕಣ್ಣು ತುಂಬಿ ಬಂತು. ಜೆಸಿಬಿ ನಾನೇ ಆವತ್ತು ರಾತ್ರಿ ಹೋಗಿ ಕೊಟ್ಟು ಬಂದೆ. ಅವನನ್ನು ಕರೆದುಕೊಂಡು ಹೋಗಲಿಲ್ಲ. ಹೋಗಬೇಕಿತ್ತು ಅಂತ ಈಗ ಅನಿಸುತ್ತಿದೆ.

ಒಂದು ಡೌಟು. ಅವನಿಗೆ "ತೋಳ ಬಂತು ತೋಳ" ಕಥೆ ಎಷ್ಟು ಸಲ ಹೇಳಿದ್ದೇನೋ. ಸುಳ್ಳು ಹೇಳಿದರೆ ಏನಾಗುತ್ತೆ ಅಂತ ಗೊತ್ತಿದ್ದೂ ಹೇಳುತ್ತಾನಲ್ಲ?

ಕೋಟೆ ಊರಿನ ಮೇಷ್ಟ್ರು (ಭಾನುವಾರ ಬೆಳಿಗ್ಗೆ 9:30)

ಅದನ್ನೂ ಪರೀಕ್ಷೆ ಮಾಡಿದ್ದಾರೆ ಅಮ್ಮಾ, 2014ರಲ್ಲಿ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಹೇಳಿ ನೋಡಿದರು. ಸುಳ್ಳು ಹೇಳಿದವನಿಗೆ ಕೇಡಾಗುವ ಕಥೆಗಳು, ತೋಳದ ಕಥೆಯೂ ಸೇರಿ, ಕೆಲಸ ಮಾಡಲಿಲ್ಲ. ತಪ್ಪು ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದ ಮಕ್ಕಳು ನಿಜ ಹೇಳಿದ್ದು ಜಾಸ್ತಿ. ಹೆದರಿಸುವ ಕಥೆ ಮಗುವಿಗೆ ಹೆದರಿಕೆಯನ್ನಷ್ಟೇ ಕೊಡುತ್ತದೆ. ನಿಜ ಹೇಳಿದರೆ ಏನು ಸಿಗುತ್ತದೆ ಅಂತ ಅದು ತೋರಿಸುವುದೇ ಇಲ್ಲ.

ಹರಿಹರದ ಹೊಸ ಅಮ್ಮ (ಭಾನುವಾರ ಮಧ್ಯಾಹ್ನ 1:10)

ಮಧ್ಯದಲ್ಲಿ ನನ್ನದೊಂದು ಪ್ರಶ್ನೆ, ಕ್ಷಮಿಸಿ. ನನ್ನ ಮಗುವಿಗೆ 10 ತಿಂಗಳು. ಮೊದಲು ಯಾರು ಎತ್ತಿಕೊಂಡರೂ ನಗುತ್ತಿತ್ತು. ಈಗ ಸೋದರಮಾವನನ್ನು ಕಂಡರೂ ಕಿರುಚುತ್ತದೆ. ನಾನು ಬಚ್ಚಲಿಗೆ ಹೋದರೂ ಅಳು. ಚಮಚ ಕೊಟ್ಟರೆ ಬೇಕಂತಲೇ ಬೀಳಿಸುತ್ತದೆ, ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ. ಹಠ ಈಗಲೇ ಶುರುವಾಯಿತಾ? ಅಮ್ಮ ದೃಷ್ಟಿ ತೆಗೆದರು, ಕಡಿಮೆ ಆಗಿಲ್ಲ.

ಹೊಳಲ್ಕೆರೆ ಅಂಗನವಾಡಿ ಟೀಚರ್ (ಭಾನುವಾರ ಮಧ್ಯಾಹ್ನ 3:45)

ತಂಗಿ, ಹೆದರಬೇಡ. ನಿನ್ನ ಮಗು ಸರಿಯಾದ ದಾರಿಯಲ್ಲೇ ಇದೆ.

ಐದು ತಿಂಗಳ ಮಗುವಿನ ಎದುರು ಗಿಲಕಿಯ ಮೇಲೆ ಬಟ್ಟೆ ಮುಚ್ಚಿ ನೋಡು. ಹುಡುಕುವುದೇ ಇಲ್ಲ. ಎಂಟು ಒಂಬತ್ತು ತಿಂಗಳಿಗೆ ಬಟ್ಟೆ ಎಳೆದು ಹಾಕಿ ಹುಡುಕುತ್ತದೆ. ಕಾಣದ ವಸ್ತುವೂ ಎಲ್ಲೋ ಇದೆ ಅಂತ ಅದಕ್ಕೆ ಖಾತ್ರಿ ಆಗಿರುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಸ್ವಂತ ಮಕ್ಕಳನ್ನೇ ಗಮನಿಸುತ್ತಾ ಇದನ್ನು ಬರೆದಿಟ್ಟರು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು. ಅಮ್ಮನ ವಿಷಯವೂ ಹಾಗೇ. ಬಚ್ಚಲಿಗೆ ಹೋದ ಅಮ್ಮ ಎಲ್ಲೋ ಇದ್ದಾಳೆ, ಆದರೆ ನನ್ನ ಹತ್ತಿರ ಇಲ್ಲ ಅಂತ ಗೊತ್ತಾದ ಮೇಲೆ ಅಳು ಬರುತ್ತದೆ. ಹೊಸ ಮುಖಕ್ಕೆ ಹೆದರುವುದೂ ಅದೇ ಹೊತ್ತಿಗೆ. ತನ್ನವರು ಯಾರು ಅಂತ ಗುರುತು ಗಟ್ಟಿಯಾಗಿದೆ ಅಂತ ಅರ್ಥ. ಒಂದೂವರೆ ವರ್ಷದವರೆಗೂ ಜೋರಾಗಿರಬಹುದು. ಮಾವನಿಗೆ ಹೇಳು, ಬಂದ ಕೂಡಲೇ ಎತ್ತಿಕೊಳ್ಳಬೇಡ, ನಿನ್ನ ಪಕ್ಕ ಕೂತು ಮಾತಾಡಲಿ. ಮಗುವೇ ಹತ್ತಿರ ಬರುತ್ತದೆ.

ಚಮಚದ ಆಟಕ್ಕೂ ಹಠಕ್ಕೂ ಸಂಬಂಧ ಇಲ್ಲ. ಬೀಳಿಸಿದರೆ ಕೆಳಗೇ ಹೋಗುತ್ತಾ? ಪ್ರತಿ ಸಲವೂ ಸದ್ದು ಬರುತ್ತಾ? ಅಮ್ಮ ಪ್ರತಿ ಸಲವೂ ಎತ್ತಿಕೊಡ್ತಾಳಾ? ಇಷ್ಟೂ ಪ್ರಶ್ನೆ ಒಂದು ಚಮಚದಲ್ಲಿ ಕೇಳುತ್ತಿದೆ.

ಎರಡು ವರ್ಷಕ್ಕೆ "ನಂದು" ಶುರುವಾಗುತ್ತದೆ. ನೆಲಕ್ಕೆ ಬಿದ್ದು ಹೊರಳಾಡುವುದೂ ಆಗಲೇ. ಬೇಕು ಅನ್ನುವುದು ಬೆಳೆದಿರುತ್ತದೆ, ಹೇಳಲು ಮಾತು ಸಾಲದು, ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಮ್ಮ ಕೇಂದ್ರಕ್ಕೆ ಬರುವ ಅಮ್ಮಂದಿರು "ಹಂಚಿಕೊಂಡು ಆಡು ಅಂದ್ರೆ ಕೇಳಲ್ಲ" ಅಂತ ದೂರುತ್ತಾರೆ. ಆ ವಯಸ್ಸಿನಲ್ಲಿ ಮಕ್ಕಳು ಒಟ್ಟಿಗೆ ಆಡುವುದೇ ಕಡಿಮೆ. ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತವೆ. ಒಂದು ಮಣ್ಣು ತುಂಬಿದರೆ ಇನ್ನೊಂದೂ ತುಂಬುತ್ತದೆ, ಮಾತಿಲ್ಲ. ಮೂರೂವರೆ ನಾಲ್ಕಾದ ಮೇಲೆ "ನೀನು ಅಮ್ಮ, ನಾನು ಡಾಕ್ಟ್ರು" ಅನ್ನುವ ಆಟ ಬರುತ್ತದೆ.

ಈ ವರ್ಷ ನಮ್ಮಲ್ಲಿ ಒಂದು ಹುಡುಗಿ ಸೇರಿದಳು, ಮೂರು ವರ್ಷದವಳು. ಬಾಗಿಲಲ್ಲಿ ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಅವಳ ಅಮ್ಮ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಬೇಕು, ಮಗುವಿನ ಕಣ್ಣು ತಪ್ಪಿಸಿ ಓಡಿಹೋಗುತ್ತಿದ್ದಳು. ಹಾಗೆ ಮಾಡಬೇಡ, ಹೇಳಿಯೇ ಹೋಗು ಅಂದೆ. ಅಮ್ಮನ ಹಳೇ ಸೀರೆಯ ಒಂದು ತುಂಡು ತರಿಸಿ ಮಗುವಿನ ಹತ್ತಿರ ಇಟ್ಟೆ. ಒಂದು ವಾರ ಅದನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು, ಉಪ್ಪಿಟ್ಟು ತಿನ್ನುವಾಗಲೂ. ಎರಡನೇ ವಾರ ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟು ಆಟಕ್ಕೆ ಹೋದಳು. ಸಂಜೆ ಅಮ್ಮ ಬಂದೇ ಬರುತ್ತಾಳೆ ಅಂತ ನಂಬಿಕೆ ಬಂದಿತ್ತು.

ಒಂದು ಮಾತು ಮಾತ್ರ ಎಲ್ಲ ತಾಯಂದಿರಿಗೂ ಒತ್ತಿ ಹೇಳುತ್ತೇನೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, 16 ತಿಂಗಳಿಗೂ ಒಂದು ಮಾತೂ ಬರದಿದ್ದರೆ, ಎರಡು ವರ್ಷಕ್ಕೂ "ಅಮ್ಮ ಬಾ" ಅನ್ನುವಂಥ ಎರಡು ಪದ ಕೂಡಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾಯಬೇಡಿ. "ಅವರಪ್ಪನಿಗೂ ಮಾತು ತಡವಾಗಿ ಬಂತು" ಅಂತ ಸುಮ್ಮನಾಗಬೇಡಿ. ತಾಯಿ ಕಾರ್ಡಿನಲ್ಲೇ ಬೆಳವಣಿಗೆಯ ಪಟ್ಟಿ ಇರುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಡಾಕ್ಟರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ಕರೆದುಕೊಂಡು ಬನ್ನಿ.

ವಿದ್ಯಾನಗರದ ಅಪ್ಪ (ಭಾನುವಾರ ರಾತ್ರಿ 8:50)

ಎಲ್ಲ ಸರಿ, ಆದರೆ ಶಿಸ್ತು ಬೇಡವಾ? ಮಿಠಾಯಿ ಪ್ರಯೋಗದ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಅಮೆರಿಕದಲ್ಲಿ ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡ್ತೀನಿ ಅಂತ ಹೇಳಿ ಹೋಗುತ್ತಾರೆ. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದೆ ಬಂದರು. ಅಂದ ಮೇಲೆ ಸಣ್ಣವರಿದ್ದಾಗಲೇ ತಡೆದುಕೊಳ್ಳೋದು ಕಲಿಸಬೇಕು. ನನ್ನ ಮಗನಿಗೆ 9 ವರ್ಷ, ಐದು ನಿಮಿಷ ಒಂದು ಕಡೆ ಕೂರುವುದಿಲ್ಲ.

ಮಕ್ಕಳ ಆಪ್ತಸಮಾಲೋಚಕಿ (ಭಾನುವಾರ ರಾತ್ರಿ 9:40)

ಸರ್, ತಡೆದುಕೊಳ್ಳುವುದು ಕಲಿಯಬೇಕು ಅನ್ನುವ ನಿಮ್ಮ ಮಾತು ನಿಜ. ಆದರೆ ಆ ಪ್ರಯೋಗದ ಕಥೆ ಅಲ್ಲಿಗೆ ಮುಗಿದಿಲ್ಲ.

ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞ ಅದನ್ನು ಶುರು ಮಾಡಿದ್ದು 1960ರ ದಶಕದ ಕೊನೆಯಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ಮತ್ತೆ ನೋಡಿದರು. ಮನೆಯ ಪರಿಸ್ಥಿತಿ, ತಾಯಿಯ ಓದು, ಮಗುವಿಗೆ ಮೊದಲೇ ಇದ್ದ ಕಲಿಕೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಕಾದದ್ದಕ್ಕೂ ಮುಂದಿನ ಓದಿಗೂ ಇದ್ದ ನಂಟು ತುಂಬಾ ತೆಳುವಾಯಿತು.

ನನಗೆ ಅದಕ್ಕಿಂತ ಮುಖ್ಯ ಅನಿಸುವುದು 2013ರ ಇನ್ನೊಂದು ಅಧ್ಯಯನ. ಮಿಠಾಯಿ ಇಡುವ ಮುಂಚೆ ಮಕ್ಕಳಿಗೆ "ಒಳ್ಳೇ ಬಣ್ಣದ ಸಾಮಾನು ತಂದುಕೊಡ್ತೀನಿ" ಅಂತ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಇನ್ನರ್ಧ ಮಕ್ಕಳಿಗೆ "ಇಲ್ಲ, ಖಾಲಿಯಾಗಿದೆ" ಅಂದರು. ಆಮೇಲೆ ಮಿಠಾಯಿ. ಕೊಟ್ಟ ಮಾತು ಉಳಿಸಿಕೊಂಡ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಗುಂಪಿನ ಮಕ್ಕಳು 3 ನಿಮಿಷ. ಮಕ್ಕಳು ಅವೇ ವಯಸ್ಸಿನವು, ಮಿಠಾಯಿ ಅದೇ. ಬದಲಾಗಿದ್ದು ದೊಡ್ಡವರ ಮಾತು ಮಾತ್ರ.

"ಹೋಮ್‌ವರ್ಕ್ ಮುಗಿಸು, ಬೆಣ್ಣೆ ದೋಸೆ ಕೊಡಿಸ್ತೀನಿ" ಅಂತ ಹೇಳಿ "ಇವತ್ತು ರಷ್ ಜಾಸ್ತಿ, ನಾಳೆ ನೋಡೋಣ" ಅಂದುಬಿಡುತ್ತೇವೆ. ಮಗು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಇನ್ನು ನಿಮ್ಮ ಮಗ. 9 ವರ್ಷ ಅಂದರೆ ಕೈಯಿಂದ ಮಾಡಿ ಕಲಿಯುವ ವಯಸ್ಸು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲಿ ಬರೆದ ಹಂತಗಳಲ್ಲಿ ಆರರಿಂದ ಹನ್ನೊಂದು ಹನ್ನೆರಡರ ಕಾಲ "ನನಗೆ ಇದು ಬರುತ್ತೆ" ಅನ್ನುವ ಹೆಮ್ಮೆಗೂ "ನಾನು ಕೈಲಾಗದವನು" ಅನ್ನುವ ಕೀಳರಿಮೆಗೂ ನಡುವಿನ ಹಗ್ಗಜಗ್ಗಾಟ. ಅವನಿಗೆ ಚೆನ್ನಾಗಿ ಬರುವ ಒಂದು ಕೆಲಸ ಯಾವುದು ಅಂತ ಮೊದಲು ಹುಡುಕಿ. ಅದರ ಮೇಲೂ ಮನೆ, ಸ್ಕೂಲು ಎರಡೂ ಕಡೆ ತಿಂಗಳುಗಟ್ಟಲೆ ಕೂರಲು ಕಷ್ಟ ಆಗುತ್ತಿದ್ದರೆ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ.

ನಿಟ್ಟುವಳ್ಳಿ ಅಮ್ಮ (ಸೋಮವಾರ ಮಧ್ಯಾಹ್ನ 2:15)

ಮೇಡಂ, ಮಗಳ ವಿಷಯವನ್ನೂ ಕೇಳಿಬಿಡುತ್ತೇನೆ. ಕಳೆದ ವರ್ಷ ದೊಡ್ಡವಳಾದಳು. ಮನೆಯಲ್ಲಿ ಆರತಿ ಮಾಡಿದೆವು, ನೆಂಟರೆಲ್ಲ ಬಂದಿದ್ದರು. ಆವತ್ತಿನಿಂದ ಹುಡುಗಿ ಬದಲಾಗಿದ್ದಾಳೆ. ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಕನ್ನಡಿ ಮುಂದೆ ಅರ್ಧ ಗಂಟೆ. ಒಂದು ಮೊಡವೆ ಬಂದರೆ ಸ್ಕೂಲಿಗೆ ಹೋಗಲ್ಲ ಅಂತಾಳೆ. ರಾತ್ರಿ 12 ಆದರೂ ನಿದ್ದೆ ಇಲ್ಲ, ಬೆಳಿಗ್ಗೆ ಎಬ್ಬಿಸಲು ಆಗಲ್ಲ. ಏನು ಕೇಳಿದರೂ "ಏನಿಲ್ಲ". ತಮ್ಮನ ಗಲಾಟೆ ಆದ ದಿನ ಮಾತ್ರ ನನ್ನ ಮುಂದೆ ನಿಂತು "ಅಮ್ಮ, ಸಾಕು" ಅಂದಳು.

ಸೆಕೆಂಡ್ ಪಿಯು ಹುಡುಗಿ (ಸೋಮವಾರ ಸಂಜೆ 6:30)

ಆಂಟಿ, ನನಗೆ 17. ಇಲ್ಲಿ ಎಲ್ಲರೂ ದೊಡ್ಡವರು, ಆದರೂ ಬರೆಯುತ್ತಿದ್ದೇನೆ. ಒಂದು ಕೇಳಲಾ? ಆರತಿ ಫೋಟೋಗಳನ್ನು ಯಾರಾದರೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರಾ?

ನಮ್ಮ ಮನೆಯಲ್ಲಿ ಚಿಕ್ಕಮ್ಮ ಹಾಕಿದ್ದರು. ಪ್ರೀತಿಯಿಂದಲೇ ಹಾಕಿದ್ದು. ಮಾರನೇ ದಿನ ನಮ್ಮ ಟ್ಯೂಷನ್ನಿನ ಹುಡುಗರ ಫೋನಿನಲ್ಲಿ ಅದು ಇತ್ತು. ನಾನು ಎರಡು ವಾರ ಟ್ಯೂಷನ್ನಿಗೆ ಹೋಗಲಿಲ್ಲ. ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ. "ಈಗ ದೊಡ್ಡವಳಾಗಿದ್ದೀಯ, ಹುಷಾರಾಗಿರು" ಅಂತ ಎಲ್ಲರೂ ಹೇಳಿದರು. ಯಾವುದಕ್ಕೆ ಹುಷಾರು ಅಂತ ಯಾರೂ ಹೇಳಲಿಲ್ಲ.

ಬಾಗಿಲು ಹಾಕಿಕೊಳ್ಳುವುದು ನಿಮ್ಮ ಮೇಲಿನ ಸಿಟ್ಟಿಗೆ ಅಲ್ಲ ಆಂಟಿ. ದಿನವಿಡೀ ಯಾರೋ ನೋಡುತ್ತಲೇ ಇದ್ದಾರೆ ಅನಿಸುತ್ತಿರುತ್ತದೆ. ಯಾರೂ ನೋಡದ ಜಾಗ ಒಂದು ಬೇಕು ಅನಿಸುತ್ತದೆ. ನಮ್ಮಮ್ಮ ಒಂದು ದಿನ ಏನೂ ಕೇಳದೆ ಬಂದು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸತೊಡಗಿದರು. ನಾನೂ ಬಿಡಿಸಿದೆ. ಅರ್ಧ ಮೊರ ಆಗುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ಎದುರು ಕೂರಿಸಿಕೊಂಡು ಕೇಳಿದ್ದರೆ ನಾನೂ "ಏನಿಲ್ಲ" ಅನ್ನುತ್ತಿದ್ದೆ.

ಮಕ್ಕಳ ಆಪ್ತಸಮಾಲೋಚಕಿ (ಸೋಮವಾರ ರಾತ್ರಿ 9:20)

ಪುಟ್ಟಿ, ನೀನು ಹೇಳಿದ್ದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಯಾರೋ ನೋಡುತ್ತಲೇ ಇದ್ದಾರೆ ಅನ್ನುವುದಕ್ಕೆ 1967ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ "ಕಲ್ಪನೆಯ ಪ್ರೇಕ್ಷಕರು" ಅಂತಲೇ ಹೆಸರಿಟ್ಟರು. ಮೊಡವೆ ಊರಿಗೆಲ್ಲ ಕಾಣುತ್ತಿದೆ ಅನ್ನುವ ಭಾವನೆ ಅದೇ. ಈಗ ಫೋನು ಬಂದ ಮೇಲೆ ಆ ಪ್ರೇಕ್ಷಕರಲ್ಲಿ ಅರ್ಧ ಜನ ನಿಜವಾಗಿಯೂ ಇದ್ದಾರೆ. ಹಾಗಾಗಿ ಫೋಟೋ ಹಾಕುವ ಮುಂಚೆ ಮಗಳನ್ನು ಕೇಳಲೇಬೇಕು.

ನಿದ್ದೆಯ ವಿಷಯ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ನಿದ್ದೆಯೂ ತಡವಾಗಿ ಹತ್ತುತ್ತದೆ. ಆದರೆ ದೇಹಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ಬೆಳಿಗ್ಗೆ ಐದಕ್ಕೆ ಟ್ಯೂಷನ್ ಅಂದರೆ ಆ ನಿದ್ದೆಯನ್ನೇ ಕಿತ್ತುಕೊಂಡ ಹಾಗೆ. ಸೋಮಾರಿತನ ಅಂತ ಬೈಯಬೇಡಿ. ಫೋನು ಮಾತ್ರ ರಾತ್ರಿ ಹಾಲ್‌ನಲ್ಲೇ ಇರಲಿ, ನಿಮ್ಮ ಫೋನೂ ಅಲ್ಲೇ ಇರಲಿ.

ಗಂಡು ಮಕ್ಕಳ ತಂದೆ ತಾಯಿಗೂ ಒಂದು ಮಾತು. ಮುಂದಾಲೋಚನೆ ಮಾಡಿ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಹತ್ತಿರ. 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿ ಇದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಆಡುವುದಕ್ಕಿಂತ ಎಷ್ಟೋ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಶಾಮನೂರು ರಸ್ತೆಯಲ್ಲಿ ಮೂರು ಹುಡುಗರು ಒಂದೇ ಬೈಕಿನಲ್ಲಿ ಹೋಗುವುದನ್ನು ಕಂಡಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ. ಒಬ್ಬನೇ ಇದ್ದಾಗ ಸಮಾಧಾನವಾಗಿ ಓಡಿಸುವ ಹುಡುಗನೇ ಅವನು. ದಯವಿಟ್ಟು 18 ತುಂಬುವ ಮುಂಚೆ ಬೈಕಿನ ಕೀ ಕೊಡಬೇಡಿ.

ಮೂಡು ಬದಲಾಗುವುದು ಸಹಜ. ಆದರೆ ಎರಡು ವಾರಕ್ಕೂ ಜಾಸ್ತಿ ಊಟ, ನಿದ್ದೆ, ಗೆಳೆಯರು ಯಾವುದೂ ಬೇಡ ಅಂದರೆ, ಮೈ ಕೊಯ್ದುಕೊಂಡ ಗುರುತು ಕಂಡರೆ, ಸಾಯುವ ಮಾತು ಬಂದರೆ ಹದಿಹರೆಯ ಅಂತ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೋಟೆ ಊರಿನ ಮೇಷ್ಟ್ರು (ಮಂಗಳವಾರ ಬೆಳಿಗ್ಗೆ 6:10)

ಅಮ್ಮಾ, ನಿಮ್ಮ ಮೊದಲ ಪ್ರಶ್ನೆ ಬಾಕಿ ಉಳಿದಿದೆ. ಸರಿ ತಪ್ಪು ಯಾವ ವಯಸ್ಸಿಗೆ ತಿಳಿಯುತ್ತದೆ?

ಅದು ಒಂದು ದಿನ ಬರುವುದಲ್ಲ, ಆಕಾರ ಬದಲಿಸುತ್ತಾ ಬರುತ್ತದೆ. ಪಿಯಾಜೆ 1932ರಲ್ಲಿ ಬರೆದದ್ದು ಹೀಗೆ. ಒಬ್ಬ ಹುಡುಗ ಬಾಗಿಲು ತಳ್ಳಿದಾಗ, ಹಿಂದೆ ಇದ್ದದ್ದು ಗೊತ್ತಿಲ್ಲದೆ 15 ಕಪ್ಪು ಒಡೆದ. ಇನ್ನೊಬ್ಬ ಜಾಮ್ ಕದಿಯಲು ಹೋಗಿ ಒಂದು ಕಪ್ಪು ಒಡೆದ. ಯಾರದು ದೊಡ್ಡ ತಪ್ಪು? ಸಣ್ಣ ಮಕ್ಕಳು 15 ಒಡೆದವನದು ಅಂದವು. ದೊಡ್ಡ ಮಕ್ಕಳು ಕದಿಯಲು ಹೋದವನದು ಅಂದವು. ಮಕ್ಕಳ ಜೊತೆ ಗೋಲಿ ಆಡಿಯೂ ಅವರು ನೋಡಿದರು. ಸಣ್ಣವರಿಗೆ ಆಟದ ನಿಯಮ ದೇವರು ಬರೆದ ಹಾಗೆ, ಬದಲಿಸುವಂತಿಲ್ಲ. ಹತ್ತರ ಹೊತ್ತಿಗೆ "ಎಲ್ಲರೂ ಒಪ್ಪಿದರೆ ಬದಲಿಸಬಹುದು" ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಪುಟ್ಟ ತಮ್ಮ ಔಟಾಗಿ ಅತ್ತರೆ "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಮಕ್ಕಳೇ ತೀರ್ಮಾನ ಮಾಡುತ್ತಿದ್ದವಲ್ಲ, ಅದನ್ನು ಯಾರೂ ಕಲಿಸಿರಲಿಲ್ಲ. ಸಣ್ಣವನಿಗೆ ಅದೇ ನಿಯಮ ಹಾಕುವುದು ನ್ಯಾಯ ಅಲ್ಲ ಅಂತ ಅವರಿಗೇ ಹೊಳೆದಿತ್ತು.

ಇನ್ನೊಂದು ನನ್ನ ಕಣ್ಣೆದುರು ನಡೆದದ್ದು. ಒಂದು ವರ್ಷ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂಡೆ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದದ್ದು, ಅವಳು ಒನಕೆ ಹಿಡಿದು ನಿಂತದ್ದು, ಇಷ್ಟು ಕಥೆ ಎಲ್ಲರಿಗೂ ಗೊತ್ತು. ಕೇಳಿದೆ: "ಓಬವ್ವ ಮಾಡಿದ್ದು ಸರಿಯಾ? ಯಾಕೆ?"

ಮೂರನೇ ಕ್ಲಾಸಿನವನು: "ಕೊಂದ್ರೆ ಪೊಲೀಸ್ ಹಿಡೀತಾರೆ ಸರ್. ಆಗ ಪೊಲೀಸ್ ಇರ್ಲಿಲ್ಲ, ಅದಕ್ಕೆ ಪರವಾಗಿಲ್ಲ." ಐದನೇ ಕ್ಲಾಸಿನವಳು: "ಎಲ್ಲರೂ ಅವಳನ್ನ ಹೊಗಳ್ತಾರಲ್ಲ ಸರ್, ಒಳ್ಳೇವಳು." ಏಳನೇ ಕ್ಲಾಸಿನ ಹುಡುಗ: "ಕಾಯೋದು ಗಂಡನ ಕರ್ತವ್ಯ. ಅವನು ಇಲ್ಲದಾಗ ಅದು ಅವಳ ಮೇಲೆ ಬಂತು." ಮೂಲೆಯಲ್ಲಿ ಕೂತಿದ್ದ ಏಳನೇ ಕ್ಲಾಸಿನದೇ ಒಬ್ಬ ಹುಡುಗಿ, ಯಾವಾಗಲೂ ಸುಮ್ಮನಿರುವವಳು, ರೊಟ್ಟಿ ಕೈಯಲ್ಲಿ ಹಿಡಿದು ಕೇಳಿದಳು: "ಸರ್, ಆ ಸೈನಿಕರಿಗೂ ಅಮ್ಮ ಇದ್ದರು ಅಲ್ವಾ? ಆವತ್ತು ರಾತ್ರಿ ಓಬವ್ವನಿಗೆ ನಿದ್ದೆ ಬಂದಿರುತ್ತಾ?"

ನಾನು ಉತ್ತರ ಕೊಡಲಿಲ್ಲ. ನನ್ನಲ್ಲಿ ಇರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1958ರಲ್ಲಿ ಹಿಡಿದದ್ದು ಇದೇ ದಾರಿ. ಮಗು ಸರಿ ಅಂತೋ ತಪ್ಪು ಅಂತೋ ಅನ್ನುವುದಲ್ಲ, "ಯಾಕೆ" ಅಂದಾಗ ಏನು ಹೇಳುತ್ತದೆ ಅದನ್ನು ಕೇಳಬೇಕು. ಶಿಕ್ಷೆಯ ಭಯ, ಆಮೇಲೆ ಒಳ್ಳೇವರು ಅನಿಸಿಕೊಳ್ಳುವ ಆಸೆ, ಆಮೇಲೆ ಕರ್ತವ್ಯ, ಹೀಗೆ ಕಾರಣಗಳು ಮೆಟ್ಟಿಲು ಹತ್ತುತ್ತವೆ ಅಂದರು. ಅವರು ಮೊದಲು ಕೇಳಿದ್ದು ಗಂಡು ಮಕ್ಕಳನ್ನು ಮಾತ್ರ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಅದನ್ನು ಎತ್ತಿ ತೋರಿಸಿದರು. ನ್ಯಾಯ, ಕರ್ತವ್ಯ ಮಾತ್ರವಲ್ಲ, ಯಾರಿಗೆ ನೋವಾಯಿತು ಅಂತ ಕೇಳುವುದೂ ನೀತಿಯೇ ಅಂದರು. ರೊಟ್ಟಿ ಹಿಡಿದ ಆ ಹುಡುಗಿಯನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಲಿ ಅಂತ ನನಗೆ ಇವತ್ತಿಗೂ ತೋಚುವುದಿಲ್ಲ.

ನಾಲ್ಕೂವರೆ ವರ್ಷದವನಿಗೆ "ಕಳ್ಳತನ ಪಾಪ" ಅನ್ನುವುದು ಇನ್ನೂ ದೂರದ ಮಾತು. "ಅವನು ಅಳ್ತಿದಾನೆ" ಅನ್ನುವುದು ಇವತ್ತೇ ತಿಳಿಯುತ್ತದೆ.

ವಿದ್ಯಾನಗರದ ಅಪ್ಪ (ಮಂಗಳವಾರ ರಾತ್ರಿ 11:30)

ಮೇಷ್ಟ್ರೇ, ನಾನು ಪೂರ್ತಿ ಒಪ್ಪಿಲ್ಲ. ಮನೆಯಲ್ಲಿ ಒಂದು ಗೆರೆ ಇರಬೇಕು, ಅದನ್ನು ದಾಟಿದರೆ ಏನಾದರೂ ಆಗಬೇಕು.

ಆದರೆ ಒಂದು ನೆನಪಾಯಿತು, ಯಾರಿಗೂ ಹೇಳಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದಾಗ ಮನೆಗೆ ಹೋಗಲಿಲ್ಲ. ಎರಡು ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದೆ. ಅಪ್ಪ ಮಿಲ್ಲಿಗೆ ರಜೆ ಹಾಕಿ ಊರೆಲ್ಲ ಹುಡುಕಿದ್ದರು. ಸಿಕ್ಕಾಗ ಹೊಡೆಯಲಿಲ್ಲ, ಟೀ ಕುಡಿಸಿದರು. ನನಗೆ ಅವರ ಬೆಲ್ಟು ಮರೆತು ಹೋಗಿದೆ, ಆ ಟೀ ಮರೆತಿಲ್ಲ. ಇಷ್ಟೂ ಹೊತ್ತು ಅದನ್ನೇ ಯೋಚನೆ ಮಾಡುತ್ತಾ ಕೂತಿದ್ದೆ.

ಕೋಟೆ ಊರಿನ ಮೇಷ್ಟ್ರು (ಬುಧವಾರ ಬೆಳಿಗ್ಗೆ 6:05)

ಗೆರೆ ಬೇಕು ಅನ್ನುವುದರಲ್ಲಿ ನಿಮಗೂ ನನಗೂ ಜಗಳ ಇಲ್ಲ ಸರ್. ಸ್ಕೂಲಿನಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದಾಗ ನಾನೂ "ಇನ್ನು ಮಕ್ಕಳನ್ನು ಹಿಡಿಯೋರು ಯಾರು" ಅಂದಿದ್ದೆ. ಬೆತ್ತ ಬಿಟ್ಟ ಮೇಲೆ ಗೆರೆಯನ್ನು ಮಾತಿನಲ್ಲಿ ಎಳೆಯುವುದು ಕಲಿಯಬೇಕಾಯಿತು. ಅದು ಕಷ್ಟದ ಕೆಲಸ. ಸಮಯ ಜಾಸ್ತಿ ಬೇಕು. ಒಡೆದವನು ಗುಡಿಸಬೇಕು, ಕಿತ್ತುಕೊಂಡವನು ವಾಪಸ್ ಕೊಡಬೇಕು, ನೋಯಿಸಿದವನು ಪಕ್ಕದಲ್ಲಿ ಕೂತು ಸಮಾಧಾನ ಮಾಡಬೇಕು. ಇಷ್ಟನ್ನು ಮಾತ್ರ ಬಿಡದೆ ಮಾಡಿಸುತ್ತಿದ್ದೆ.

ನಿಟ್ಟುವಳ್ಳಿ ಅಮ್ಮ (ಮುಂದಿನ ಭಾನುವಾರ ರಾತ್ರಿ 9:50)

ತಡವಾಗಿ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಿ.

ಮಗನನ್ನು ಎದುರು ಮನೆಗೆ ಕರೆದುಕೊಂಡು ಹೋದೆ. ಜೆಸಿಬಿ ಆಗಲೇ ಕೊಟ್ಟಾಗಿತ್ತು, ಆದರೂ ಹೋದೆವು. "ಅವತ್ತು ಇವನು ನಿನ್ನ ಗಾಡಿ ತಗೊಂಡಿದ್ದ, ನಿಂಗೆ ಬೇಜಾರಾಯ್ತು ಅಲ್ವಾ" ಅಂತ ನಾನೇ ಶುರು ಮಾಡಿದೆ. ಆ ಹುಡುಗ ಹೂಂ ಅಂದ. ನನ್ನ ಮಗ ಸ್ವಲ್ಪ ಹೊತ್ತು ಗೋಡೆ ಕೆರೆಯುತ್ತಾ ನಿಂತಿದ್ದ. ಆಮೇಲೆ ಚಡ್ಡಿ ಜೇಬಿನಿಂದ ತನ್ನ ಎರಡು ಗೋಲಿ ತೆಗೆದು ಅವನ ಜೆಸಿಬಿಯ ಬುಟ್ಟಿಯೊಳಗೆ ಇಟ್ಟ. ನಾನು ಹೇಳಿಕೊಟ್ಟಿರಲಿಲ್ಲ.

ಅತ್ತೆಗೆ ಮೇಷ್ಟ್ರು ಬರೆದದ್ದನ್ನೆಲ್ಲ ಓದಿ ಹೇಳಿದೆ. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಮಾರನೇ ದಿನ ತಾವೇ ಮಂಡಕ್ಕಿ ಡಬ್ಬದಲ್ಲಿ ಬೆಳ್ಳುಳ್ಳಿ ಹಾಕಿ, ಪಕ್ಕದ ಮನೆಯ ಮೂರು ವರ್ಷದ ಮಗುವನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು.

ಮಗಳ ಫೋಟೋ ನನ್ನ ತಮ್ಮನ ಹೆಂಡತಿ ಹಾಕಿದ್ದಳಂತೆ. ನನಗೆ ಒಂದು ವರ್ಷದಿಂದ ಗೊತ್ತೇ ಇರಲಿಲ್ಲ. ಅವರೆಕಾಯಿ ಕಾಲ ಅಲ್ಲ ಈಗ, ಕಡಲೆಕಾಯಿ ಸುಲಿದೆವು. ಜಾಸ್ತಿ ಏನೂ ಹೇಳಲಿಲ್ಲ ಅವಳು, ಇದೊಂದನ್ನೇ ಹೇಳಿದಳು. ಬಾಗಿಲು ಈಗಲೂ ಹಾಕಿಕೊಳ್ಳುತ್ತಾಳೆ. ನಾನು ತಟ್ಟಿ ಒಳಗೆ ಹೋಗುತ್ತೇನೆ.

ತಲೆ ಬಾಚುವುದು ಇನ್ನೂ ಸರಿಯಾಗಿಲ್ಲ. ಬಾಚಣಿಗೆ ಎತ್ತಿದರೆ ಕಣ್ಣು ಮುಚ್ಚುತ್ತಾನೆ, ಕೈ ಮಾತ್ರ ತಲೆಗೆ ಹೋಗುತ್ತಿಲ್ಲ. ಈಗ ಬಾಚಣಿಗೆ ಅವನ ಕೈಗೇ ಕೊಡುತ್ತೇನೆ. ಮೊದಲು ನನ್ನ ತಲೆ ಬಾಚುತ್ತಾನೆ, ಆಮೇಲೆ ತನ್ನದು. ಬೈತಲೆ ಸೊಟ್ಟ ಬರುತ್ತದೆ. ಹಾಗೇ ಸ್ಕೂಲಿಗೆ ಕಳಿಸುತ್ತಿದ್ದೇನೆ.